ಬಾರದೇ ಹೋದ ತಲೆನೋವು

ದೀಪಕ್ಕ ನಕ್ಕರೆ ಕನ್ನಡಕದ ಅಂಗಡಿಯವರಿಗೆಲ್ಲ ಎದೆ ಧಸಕ್ಕೆನ್ನುತ್ತಿತ್ತು.

ಸಿಡುಕಿನ ಹೆಂಗಸೇನಲ್ಲ ಅವಳು. ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಕೂರಿಸಿ, ಕಿವಿಯ ಹಿಂದೆ ಬೆರಳಾಡಿಸಿ, "ಇಲ್ಲಿ ಒತ್ತತ್ತಾ?" ಎಂದು ಮೆಲ್ಲಗೆ ಕೇಳುವವಳು. ಆದರೆ ಅರೆತಲೆನೋವು ಬರುವ ಹಿಂದಿನ ದಿನ ಮಾತ್ರ ಅವಳಿಗೆ ಎಲ್ಲಿಲ್ಲದ ಹುರುಪು. ಆಕಳಿಕೆಯ ಮೇಲೆ ಆಕಳಿಕೆ, ನಡುವೆ ನಗು. ಗಾಜಿನ ಕಪಾಟು ಒರೆಸುತ್ತ ಹಾಡುವಳು. "ಈ ಫ್ರೇಮಲ್ಲಿ ನೀವು ಒಳ್ಳೇ ಮನೆತನದ ಕಳ್ಳನ ಥರ ಕಾಣ್ತೀರಿ ಸಾರ್" ಎಂದು ಗಿರಾಕಿಗೆ ಹೇಳಿ, ಅದನ್ನೇ ಅವನಿಗೆ ಮಾರುವಳು. ಆಗ ಮಾಲೀಕರು ಹಿಂದಿನ ಕೋಣೆಯ ಕಡೆ ಕತ್ತು ಚಾಚುವರು.

"ಉಜ್ಜಪ್ಪಾ, ನಾಳೆ ಮುಂದುಗಡೆ ನೀನೇ ನಿಂತ್ಕೋಬೇಕು ಕಣಪ್ಪಾ. ಇವರಾಗ್ಲೇ ಹಾಡೋಕೆ ಶುರು ಮಾಡಿದ್ರು."

ಹಿಂದಿನ ಕೋಣೆಯಲ್ಲಿ ಕೂತು ಲೆನ್ಸಿನ ಅಂಚು ಉಜ್ಜಿ ಫ್ರೇಮಿಗೆ ಹೊಂದಿಸುವವನು ಉಜ್ಜಪ್ಪ. ಆ ಹೆಸರು ಮಾಲೀಕರದೇ ಕೊಡುಗೆ. ದೀಪಕ್ಕ ಎಂಬುದೂ ಅವರಿಟ್ಟದ್ದೇ. ಬೆಳಿಗ್ಗೆ ಅವರು ಹೊತ್ತಿಸಿದ ದೀಪಗಳಲ್ಲಿ ಮುಕ್ಕಾಲು ಪಾಲನ್ನು, ಕಣ್ಣಿಗೆ ಚುಚ್ಚುತ್ತವೆಂದು, ಬಂದವಳೇ ಆರಿಸುತ್ತಿದ್ದಳು.

ನೋವು ಅಂಗಡಿಯಲ್ಲೇ ಶುರುವಾದ ದಿನ ಒಂದು ಪಜೀತಿಯೂ ಆಗಿತ್ತು. ಅಕ್ಷರದ ಬೋರ್ಡಿನ ಮುಂದೆ ಒಬ್ಬ ಮುದುಕರನ್ನು ಕೂರಿಸಿ ಓದಿಸುತ್ತಿದ್ದಳು. ಅವಳ ಕಣ್ಣಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಮಿಣುಗುತ್ತ ಹಬ್ಬಿ, ಬೋರ್ಡಿನ ಅರ್ಧವನ್ನೇ ನುಂಗಿಬಿಟ್ಟಿತು. ಮುದುಕರು ಸರಿಯಾಗಿಯೇ ಓದುತ್ತಿದ್ದರು. "ಅಲ್ಲಿ ಅಕ್ಷರಾನೇ ಇಲ್ಲ, ಊಹೆ ಮಾಡ್ಬೇಡಿ ತಾತ" ಎಂದು ಇವಳು ಗದರಿದಳು. ಮುದುಕರು ಒಂದು ಗಳಿಗೆ ಅವಳನ್ನೇ ನೋಡಿ, "ಅಲ್ಲಮ್ಮಾ, ಕನ್ನಡಕ ಬೇಕಾಗಿರೋದು ನಂಗೋ ನಿಂಗೋ?" ಎಂದರು. ಅಂಗಡಿಯೆಲ್ಲ ನಕ್ಕಿತು. ಉಜ್ಜಪ್ಪನೊಬ್ಬ ಎದ್ದು ಬಂದು ಉಳಿದ ದೀಪವನ್ನೂ ಆರಿಸಿದ.

ಅವನಿಗೆ ಅವಳು ಬೇಕಾಗಿದ್ದಳು. ವಯಸ್ಸು ಮೀರಿದೆ ಎಂದು ನಾಲಿಗೆ ಕಚ್ಚಿಕೊಂಡೇ ದಿನ ದೂಡಿದ್ದವನು, ಒಂದು ಸಂಜೆ ಅವಳು ಹಾಡುತ್ತಿದ್ದುದನ್ನು ಕೇಳಿ ಧೈರ್ಯ ಬಂದು ಕೇಳಿಯೇಬಿಟ್ಟ. ಅವಳು ಬಾಯ್ತುಂಬ ಆಕಳಿಸಿ, "ಹೂಂ, ಮದುವೆ ಆಗೋಣ. ಯಾಕಾಗಬಾರ್ದು?" ಎಂದು ನಕ್ಕಳು.

ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಮೊನ್ನೆ ಹೂಂ ಅಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ."

"ಅಂದ್ರೆ, ಬೇಡ ಅಂತಲಾ?"

"ಬೇಡ ಅಂತಾನೂ ಅಲ್ಲ. ಹೂಂ ಅಂದಿದ್ದು ನಾನೋ ತಲೆನೋವೋ, ಅದೇ ಗೊತ್ತಾಗ್ತಿಲ್ಲ."

"ಹಾಗಾದ್ರೆ ಈಗ ಕೇಳ್ಲಾ?"

"ಈಗ ನಾನು ಹಿಂಡಿ ಹಾಕಿದ ಬಟ್ಟೆ ಕಣ್ರೀ. ಯಾರೇನ್ ಕೇಳಿದ್ರೂ ಬೇಡ ಅಂತೀನಿ. ಕಾಫಿ ಕೇಳಿದ್ರೂ ಬೇಡ."

ಉಜ್ಜಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ಸುಮ್ಮನಿರಲೂ ಆಗದೆ, ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಅವಳ ಗೆಳತಿಯ ಬಳಿ ಹೋದ. "ನಿಮ್ಮ ಪುಸ್ತಕಗಳಲ್ಲಿ ಇದರ ಬಗ್ಗೆ ಏನಾದ್ರೂ ಇದೆಯಾ ಮೇಡಂ? ನೋವಿಗೆ ಮುಂಚೆ ನಗು ಬರೋದು?"

ಗೆಳತಿ ಹುಡುಕಿದಳು. ಕಾದಂಬರಿಗಳಲ್ಲಿ ತಲೆನೋವಿಗೇನೂ ಬರವಿರಲಿಲ್ಲ. ಆದರೆ ಹೆಂಗಸೊಬ್ಬಳನ್ನು ಕಥೆಯ ನಡುವಿನಿಂದ ಎಬ್ಬಿಸಿ ಕಳಿಸಬೇಕಾದಾಗಲೇ ಅದು ಬರುತ್ತಿತ್ತು. ಅವಳು ಹಣೆ ಹಿಡಿದುಕೊಂಡು ಕೋಣೆಗೆ ಹೋಗುವಳು, ಬಾಗಿಲು ಹಾಕಿಕೊಳ್ಳುವುದು, ಕಥೆ ನಡುಮನೆಯಲ್ಲಿ ನೆಂಟರ ಜೊತೆ ಉಳಿದುಬಿಡುವುದು. ಒಳಗೆ ಇಣುಕಿದ ಕೆಲವರು ಸುತ್ತಿಗೆ, ಮೊಳೆ, ಸಿಡಿಲು ಎಂದು ಬರೆದಿದ್ದರು. ಸಂಜೆಹೊತ್ತು ಲೈಬ್ರರಿಯಲ್ಲಿ ಗೆಳತಿ ಅವನ್ನೆಲ್ಲ ಮೆಲುದನಿಯಲ್ಲಿ ಓದಿದರೆ, ದೀಪಕ್ಕ ಫ್ರೇಮ್ ಪರೀಕ್ಷಿಸುವವಳಂತೆ ಕತ್ತು ವಾರೆ ಮಾಡಿ ಕೇಳುತ್ತಿದ್ದಳು. ಉಜ್ಜಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತಿರುತ್ತಿದ್ದ.

"ಇದು ಮೂಗಿನ ಮೇಲೆ ಕೂರ್ತಿಲ್ಲ ಕಣೇ" ಎನ್ನುವಳು. "ಸುತ್ತಿಗೆ ಅಂದ್ರೆ ಹೊಡೆಯೋನು ಒಬ್ಬ ಇರ್ಬೇಕಲ್ಲ? ಅವನನ್ನಾದ್ರೂ ಬೈಬಹುದಿತ್ತು. ಇಲ್ಲಿ ನನ್ನ ಬಿಟ್ರೆ ಯಾರೂ ಇಲ್ಲ. ಮತ್ತೆ ಹಿಂದಿನ ದಿನದ್ದು ಯಾರೂ ಬರೆದಿಲ್ವಾ?"

"ನನ್ನ ಕಣ್ಣಿಗಂತೂ ಬಿದ್ದಿಲ್ಲ ಕಣೇ."

ಕೊನೆಗೆ ರಟ್ಟು ಕಿತ್ತುಹೋಗಿದ್ದ ಪುಸ್ತಕವೊಂದರಲ್ಲಿ ಒಂದು ಸಣ್ಣಕಥೆ ಸಿಕ್ಕಿತು. ಕತ್ತಲಕೋಣೆಯಲ್ಲಿ ಮಲಗಿದ ಹೆಂಗಸು. ಹೊರಗೆ ಮನೆಯವರು ತುದಿಗಾಲಲ್ಲಿ ಓಡಾಡುತ್ತಿದ್ದಾರೆ. ಸದ್ದು ಅವಳನ್ನು ಕಾಡುತ್ತಿಲ್ಲ; ಅವರ ಕೈಯ ಸಾಬೂನಿನ ವಾಸನೆ ಬಾಗಿಲ ಸಂದಿಯಿಂದ ಬಂದು ಅವಳ ಹೊಟ್ಟೆ ತೊಳಸುತ್ತಿದೆ. ಪಾಪ, ಇಷ್ಟು ಜೋಪಾನ ಮಾಡುವವರಿಗೆ ಅದನ್ನು ಹೇಗೆ ಹೇಳುವುದು ಎಂದು ಅವಳು ಸುಮ್ಮನಿದ್ದಾಳೆ. ಅಷ್ಟೇ ಕಥೆ.

ದೀಪಕ್ಕ ಪುಸ್ತಕ ಈಸಿಕೊಂಡು ಆ ಪುಟವನ್ನು ತಾನೇ ಇನ್ನೊಮ್ಮೆ ಓದಿದಳು. ಆಮೇಲೆ, "ಇದನ್ನ ಬರೆದವರು ಒಳಗೆ ಬಂದಿದ್ದಾರೆ" ಎಂದಳು.

ಮುಂದಿನ ಸಲ ನೋವು ಬಂದಾಗ ಉಜ್ಜಪ್ಪ ಅವಳ ಮನೆಗೆ ಹೋದ. ತಂಗಿ ಬಾಗಿಲು ತೆರೆದು, "ನೀವ್ಯಾಕೆ ಬರೋಕೆ ಹೋದ್ರಿ? ಅಕ್ಕ ಯಾರನ್ನೂ ಒಳಗೆ ಬಿಡಲ್ಲ. ಅಮ್ಮ ಇದ್ದಾಗ ಅಮ್ಮನ್ನೂ ಬಿಡ್ತಿರ್ಲಿಲ್ಲ" ಎಂದು ಪಿಸುಗುಟ್ಟಿದಳು. ಆ ದಿನ ಅವನು ಬರೀ ನೀರಿನಲ್ಲಿ ಕೈ ತೊಳೆದು ಬಂದಿದ್ದ. ಕೋಣೆಯ ಹೊರಗೆ ಗೋಡೆಗೊರಗಿ ನೆಲದ ಮೇಲೆ ಕೂತ.

ಬಹಳ ಹೊತ್ತಿನ ಮೇಲೆ ಒಳಗಿಂದ ದನಿ ಬಂತು. "ಯಾರು?"

"ನಾನು."

"ಏನು?"

"ಏನಿಲ್ಲ."

ಅವನು ಇನ್ನೇನು ಏಳಬೇಕು, ಅಷ್ಟರಲ್ಲಿ, "ಒಳಗೆ ಬನ್ನಿ. ಬಾಗಿಲು ಹಾಕಿ. ಮಾತಾಡ್ಬೇಡಿ."

ಅವನು ಒಳಗೆ ಹೋದ. ಅದನ್ನೇ ಒಪ್ಪಿಗೆ ಎಂದುಕೊಂಡ. ಅದು ಒಪ್ಪಿಗೆಯೇ ಹೌದೋ ಅಲ್ಲವೋ, ಬಾಯಿಬಿಟ್ಟು ಕೇಳಲಿಲ್ಲ. ಅವಳು ನಗುವೂ ಇಲ್ಲದ ನೋವೂ ಇಲ್ಲದ ಒಂದು ಬೋಳು ದಿನ ಆರಿಸಿದಳು. ಇಬ್ಬರೂ ಹೋಗಿ ಮದುವೆಯ ರಿಜಿಸ್ಟರಿನಲ್ಲಿ ಸಹಿ ಹಾಕಿ ಬಂದರು.

ಆಮೇಲಿನ ವರ್ಷಗಳಲ್ಲಿ ಅವನು ಪಳಗಿದ. ಅವಳು ಆಕಳಿಸಿ ನಕ್ಕರೆ ಸಾಕು, ಕೈ ತಾನಾಗಿ ಕೆಲಸಕ್ಕಿಳಿಯುತ್ತಿತ್ತು. ದಪ್ಪ ಪರದೆ ಎಳೆ, ಬಕೆಟ್ ತಂದಿಡು, ಒದ್ದೆ ಬಟ್ಟೆ ಹಿಂಡಿಡು. "ನೆಟ್ಟಗೆ ನಗೋಕೂ ಬಿಡಲ್ವಲ್ರೀ ನೀವು" ಎಂದು ಅವಳು ಛೇಡಿಸುವಳು. ಆದರೂ ಆ ನಗು ಕಂಡರೆ ಅವನಿಗೆ ಒಳಗೊಳಗೇ ಇರಿಸುಮುರಿಸು. ಅವತ್ತು ಹೂಂ ಎಂದದ್ದೂ ಇದೇ ನಗುವಲ್ಲವೇ?

ಕೊನೆಯ ಬೆಳಿಗ್ಗೆಯೂ ಅವಳು ನಕ್ಕಳು. ಅವನ ಕನ್ನಡಕ ತೆಗೆದು ತಾನು ಹಾಕಿಕೊಂಡು, ಲೆನ್ಸ್ ಉಜ್ಜುವವನ ಹಾಗೆ ಮುಖ ಸೊಟ್ಟ ಮಾಡಿ ತೋರಿಸಿದಳು. ಹಾಡಿದಳು. ಅಂಗಡಿಯದೇನೋ ಸುದ್ದಿ ಶುರು ಮಾಡಿದಳು. ವಯಸ್ಸಾಗಿ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲಿರುತ್ತಿದ್ದ ಉಜ್ಜಪ್ಪ ಆಗಲೇ ಪರದೆಯ ಹತ್ತಿರ ಹೋಗಿದ್ದ. "ಆಯ್ತು ಆಯ್ತು, ಇವತ್ತು ಬೇಗ ಮನೆಗೆ ಬಾ" ಎಂದ.

ಮಧ್ಯಾಹ್ನ ಅಕ್ಷರದ ಬೋರ್ಡಿನ ಪಕ್ಕದಲ್ಲಿ ನಿಂತಿದ್ದವಳು ಕುಸಿದಳು. ಹೃದಯ ನಿಂತಿದೆ ಎಂದರು ಡಾಕ್ಟರು. ಹಾಸಿದ ಹಾಸಿಗೆ, ಎಳೆದ ಪರದೆ, ಇಟ್ಟ ಬಕೆಟ್ಟು ಹಾಗೆಯೇ ಇದ್ದವು. ಆ ತಲೆನೋವು ಬರಲೇ ಇಲ್ಲ.

ಕೆಲವು ದಿನ ಕಳೆದು ಅವನು ಲೈಬ್ರರಿಗೆ ಬಂದ. ಗೆಳತಿ ಕುರ್ಚಿ ಎಳೆದುಕೊಟ್ಟಳು.

"ಮೇಡಂ, ತಲೆನೋವು ಬರೋದಿತ್ತಾ? ಅಷ್ಟರಲ್ಲಿ ಇದಾಯ್ತಾ? ಅಥವಾ ಬರೋದೇ ಇರ್ಲಿಲ್ವಾ?"

"ಗೊತ್ತಿಲ್ಲ ಕಣ್ರೀ."

"ಬರೋದಿರ್ಲಿಲ್ಲ ಅಂದ್ರೆ, ಅವತ್ತಿನ ನಗು ಅವಳದೇ ತಾನೇ? ಅದು ಅವಳದೇ ಆದ್ರೆ, ಆ ಹಳೇ ಹೂಂ ಕೂಡ..."

ಗೆಳತಿಯ ಹಿಂದೆ ಸೂರಿನವರೆಗೂ ಪುಸ್ತಕಗಳಿದ್ದವು. ಅವಳು ಒಂದರ ಕಡೆಗೂ ತಿರುಗಲಿಲ್ಲ.

ಉಜ್ಜಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಒಬ್ಬ ಗಿರಾಕಿ ಬಂದು, ನಂಗೆ ಒಂದೇ ಕಿವಿಗೆ ಆಗೋ ಕನ್ನಡಕ ಬೇಕು ಅಂದನಂತೆ. ಅವತ್ತು ಬೆಳಿಗ್ಗೆ ಹೇಳ್ತಾ ಹೇಳ್ತಾ ಬಿದ್ದು ಬಿದ್ದು ನಗ್ತಿದ್ಲು."

"ಅದಕ್ಕೆ ಇವಳೇನಂದ್ಲಂತೆ?"

"ಗೊತ್ತಿಲ್ಲ ಮೇಡಂ" ಎಂದ ಅವನು. "ನಾನು ಪರದೆ ಎಳೀತಿದ್ದೆ."