ನನಗೆ ಹೇಳದೆ ನನ್ನ ಕೈಲೇ ಮಾಡಿಸಿದ ತಿಥಿ

೧೯೮೯ರಲ್ಲಿ, ಎಂಟನೇ ಕ್ಲಾಸಿಗೆ, ನನ್ನ ಓದು ನಿಂತಿತು. ಮತ್ತೆ ಬೆಂಚಿನ ಮೇಲೆ ಕುಳಿತದ್ದು ಮೂವತ್ತು ದಾಟಿದ ಮೇಲೆ, ಅದೂ ಜಪಾನಿನಲ್ಲಿ. ಮೊನ್ನೆ ಮೈಸೂರಿನ ಲಷ್ಕರ್ ಮೊಹಲ್ಲಾದ ಕ್ಷೌರದಂಗಡಿಯೊಂದರ ಮುಂದೆ ಹೋಗುವಾಗ ನಿಂಬೆ ವಾಸನೆಯ ಶೇವಿಂಗ್ ಕ್ರೀಮು ಮೂಗಿಗೆ ಬಡಿಯಿತು. ಕಾಲು ಅಲ್ಲೇ ನಿಂತುಬಿಟ್ಟಿತು. ಆ ವಾಸನೆ ನನ್ನ ಸಹಪಾಠಿಯದು...

ನಮ್ಮ ಕಾರ್ಖಾನೆಗೆ ಜಪಾನಿನ ಯಂತ್ರಗಳು ಬರುವುದಿತ್ತು. ಅವುಗಳ ಕೆಲಸ ಕಲಿಯಬೇಕಾದರೆ ಮೊದಲು ಅಲ್ಲಿನ ಭಾಷೆ ಕಲಿಯಬೇಕು. ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ನನ್ನಷ್ಟು ಕೈ ಕುದುರಿದವರು ಇರಲಿಲ್ಲ, ಹಾಗಾಗಿ ನನ್ನನ್ನು ಆರಿಸಿದರು. ಜೊತೆಗೆ, ಆಮೇಲೆ ನನ್ನ ಸಹಪಾಠಿಯಾದ ಅವನನ್ನು. ಮೂರು ತಿಂಗಳು ಪಾಠ, ಆಮೇಲೆ ಪರೀಕ್ಷೆ. ಪಾಸಾದರೆ ಒಂದು ವರ್ಷ ಯಂತ್ರದ ತರಬೇತಿ, ಫೇಲಾದರೆ ಊರಿನ ವಿಮಾನ ಹತ್ತಬೇಕು, ಹಳೇ ಲೇತಿಗೇ ವಾಪಸು.

ಅವನು ವಿಚಿತ್ರ ಆಸಾಮಿ. ಅಲ್ಲಿಯವರು ಬಗ್ಗಿ ನಮಸ್ಕರಿಸುವುದನ್ನು ನೋಡಿ ನೋಡಿ, ಬೀದಿಯಲ್ಲಿ ಕಾಫಿ ಡಬ್ಬ ಉದುರಿಸುವ ಯಂತ್ರಕ್ಕೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದ. "ಸುಮ್ನೆ ಎತ್ಕೊಂಡು ಹೋದ್ರೆ ಬೇಜಾರ್ ಮಾಡ್ಕೊಳ್ಳುತ್ತೆ ಕಣೋ," ಅನ್ನುತ್ತಿದ್ದ. ತರಗತಿಗೆ ಮಂಕಿ ಕ್ಯಾಪ್ ಹಾಕಿಕೊಂಡೇ ಬರುವನು. ವಯಸ್ಸಾದ ನಮ್ಮ ಟೀಚರಮ್ಮ ಅವನನ್ನು ಕಂಡರೆ ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಳ್ಳುತ್ತಿದ್ದರು.

ಆಮೇಲೆ ನನಗೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಪರೀಕ್ಷೆಗೆ ಎರಡು ವಾರವಿದ್ದಾಗ, ಒಂದು ಬೆಳಿಗ್ಗೆ, ಹಾಸ್ಟೆಲಿಗೆ ನನ್ನ ತಮ್ಮನ ಫೋನು ಬಂತು. ನಾನು ಸ್ನಾನಕ್ಕೆ ಹೋಗಿದ್ದೆ, ಎತ್ತಿಕೊಂಡವನು ಇವನು. ನಮ್ಮ ಅಪ್ಪ ರಾತ್ರಿ ತೀರಿಕೊಂಡಿದ್ದರು. ಅವ್ವ ಹೇಳಿಕಳಿಸಿದ್ದಳಂತೆ, ಈಗ ಹೇಳಬೇಡ, ಎಷ್ಟು ಓಡಿ ಬಂದರೂ ಅವನಿಗೆ ಅಪ್ಪನ ಮುಖ ಸಿಗುವುದಿಲ್ಲ, ಪರೀಕ್ಷೆಯೂ ಹೋಗುತ್ತದೆ ಎಂದು. ಕೊಳ್ಳಿ ಇಡಲು ತಮ್ಮನಿದ್ದ. ಆದರೆ ಹಿರಿಮಗ ನಾನು.

ಇವನು ಬಾಯಿ ಬಿಡಲಿಲ್ಲ. ಅಂದಿನಿಂದ ಅವನ ಹುಚ್ಚಾಟ ಇಮ್ಮಡಿಯಾಯಿತು. ನನ್ನ ತಟ್ಟೆಯ ಮೀನನ್ನು ಎತ್ತಿ ತಾನೇ ತಿಂದುಬಿಟ್ಟ. "ಈ ಊರ್ ಮೀನು ತಿಂದ್ರೆ ಮರೆವು ಬತ್ತದಂತೆ. ಪರೀಕ್ಷೆ ಮುಗಿಯೋಗಂಟ ಮುಟ್ಟಿದ್ರೆ ನೋಡು!" ಮಂಚದ ಹಾಸಿಗೆಗೆ ನೀರು ಚೆಲ್ಲಿ ನನ್ನನ್ನು ನೆಲದ ಮೇಲೆ ಮಲಗಿಸಿದ. ಮೂರನೇ ದಿನ, ಊರಲ್ಲಿ ಹಾಲು ತುಪ್ಪ ಬಿಡುವ ಹೊತ್ತಿಗೆ, ಹಾಸ್ಟೆಲಿನ ಹಿಂದಿನ ಮರದ ಬುಡಕ್ಕೆ ನನ್ನ ಕೈಯಿಂದ ಒಂದು ಲೋಟ ಹಾಲು ಬಿಡಿಸಿದ.

"ಏನೋ ಇದು?"

"ಇಲ್ಲಿ ನಾಗಪ್ಪಂಗೂ ಹೊಟ್ಟೆ ಇರಲ್ವೇನೋ? ಬುಡು, ಬುಡು. ಪಾಸ್ ಮಾಡುಸ್ತಾನೆ."

ನಾನು ನಗುತ್ತಲೇ ಬಿಟ್ಟೆ...

ಹತ್ತನೇ ದಿನ ಕ್ಲಾಸಿನಲ್ಲಿ ಕಿರುಪರೀಕ್ಷೆ. ಕಡಿಮೆ ಅಂಕ ತೆಗೆದವನು ತಲೆ ಬೋಳಿಸಿಕೊಳ್ಳಬೇಕು ಎಂದು ಪಂಥ ಕಟ್ಟಿದ. ನಾನು ಸೋಲಲಿಲ್ಲ, ಅವನೇ ಸೋತ. ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಬೋಳು ತಲೆಯಲ್ಲಿ ನನ್ನ ಎದುರು ಕುಳಿತಿದ್ದಾನೆ. ಕೈಯಲ್ಲಿ ನಿಂಬೆ ವಾಸನೆಯ ಕ್ರೀಮು, ರೇಜರು.

"ಊರೋರೆಲ್ಲ ನಗ್ತಾರೆ ಕಣೋ. ನನ್ನೊಬ್ಬನ್ನೇ ಬೋಳಾಗಿ ಕಳುಸ್ತೀಯಾ? ಮೈಸೂರೋರಿಗೆ ಮೈಸೂರೋರು ಆಗದಿದ್ರೆ ಇನ್ಯಾರೋ ಆಗ್ತಾರೆ?"

ಪರದೇಶದಲ್ಲಿ ನಮ್ಮೂರಿನವನನ್ನು ನೋಡಿ ಜನ ನಗುವುದು ನನಗೆ ಸೇರದ ಮಾತು. ತಲೆ ಕೊಟ್ಟೆ. ಬೆಳಕು ಬೇಕು ಎಂದು ದಕ್ಷಿಣಕ್ಕೆ ತಿರುಗಿಸಿ ಕೂರಿಸಿದ. ಬೋಳಿಸುವಾಗ ಎರಡು ಕಡೆ ಗಾಯವಾಯಿತು. ತಣ್ಣೀರು ಹುಯ್ದ ಮೇಲೆ ಅನ್ನಕ್ಕೆ ಮೊಸರು ಕಲಸಿಸಿ, ನನ್ನ ಕೈಲೇ ಉಂಡೆ ಕಟ್ಟಿಸಿ, ಬಾಲ್ಕನಿಯ ಗೋಡೆಯ ಮೇಲೆ ಇಡಿಸಿದ. ಆ ಊರಿನ ಕಾಗೆಗಳು ನಮ್ಮವಕ್ಕಿಂತ ದೊಡ್ಡವು. ಒಂದು ಬಂದು ಕುಳಿತಿತು. ಕತ್ತು ಓರೆ ಮಾಡಿ ನೋಡಿತು. ಇವನು ಉಸಿರು ಬಿಗಿಹಿಡಿದು, ಎರಡೂ ಕೈ ಮುಗಿದು ನಿಂತಿದ್ದ.

"ಮುಟ್ತು ಕಣೋ! ಮುಟ್ತು!" ಎಂದು ಕೂಗಿ ಒಳಗೆ ಓಡಿದ. ಎಷ್ಟು ಹೊತ್ತಾದರೂ ಬಚ್ಚಲಿನಿಂದ ಹೊರಗೆ ಬರಲಿಲ್ಲ. ಪರೀಕ್ಷೆಯ ಭಯಕ್ಕೆ ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡೆ.

ಪರೀಕ್ಷೆ ಬರೆದು ಹೊರಬಂದ ಸಂಜೆ ಅವನು ಮಂಕಿ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಿಮ್ಮಪ್ಪಾಜಿ ಹೋಗ್ಬುಟ್ರು ಕಣೋ. ಇವತ್ತಿಗೆ ಎರಡು ವಾರ ಆಯ್ತು. ನಿಮ್ಮವ್ವನ ಮಾತು ಮೀರೋಕಾಗ್ಲಿಲ್ಲ. ಮಗ ಮಾಡ್ಬೇಕಾದ್ದು ಒಂದೂ ಬುಟ್ಟಿಲ್ಲ, ನಿನ್ ಕೈಲೇ ಮಾಡ್ಸಿದೀನಿ. ಹೊಡೀಬೇಕು ಅನ್ಸಿದ್ರೆ ಹೊಡಿ."

ಹೊಡೆದೆ. ಅವನು ಕದಲಲಿಲ್ಲ. ಆಮೇಲೆ ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತೆ... ಆ ಬೀದಿಯ ಜನ ನಮ್ಮಿಬ್ಬರ ಬೋಳು ತಲೆ ನೋಡಿಕೊಂಡೇ ಹೋದರು.

ಇಬ್ಬರೂ ಪಾಸಾಗಿದ್ದೆವು. ವರ್ಷ ಮುಗಿಸಿ ಮನೆಗೆ ಬಂದಾಗ ಅವ್ವ ಬೇರೇನೂ ಕೇಳಲಿಲ್ಲ. "ನೀನಿಟ್ಟದ್ದನ್ನ ಕಾಗೆ ಮುಟ್ತಾ ಮಗಾ?" ಅಂದಳು. ಅವನು ತಮ್ಮನಿಗೆ ಫೋನಿನಲ್ಲಿ ಆಗಲೇ ಎಲ್ಲ ಹೇಳಿದ್ದನಂತೆ. ಆದರೂ ನನ್ನ ಬಾಯಿಂದ ಕೇಳಬೇಕಿತ್ತು ಅವಳಿಗೆ. ಮುಟ್ಟಿತು ಅವ್ವ, ಅಂದೆ. ನೆಂಟರಲ್ಲಿ ಕೆಲವರು ನಂಬಲಿಲ್ಲ. ಅಪ್ಪ ಸತ್ತಾಗ ಪರದೇಶದಲ್ಲಿ ದುಡಿಯುತ್ತಾ ಕೂತಿದ್ದವನು ಎಂದು ಬೆನ್ನ ಹಿಂದೆ ಆಡಿಕೊಂಡರು. ಅಂಥ ಮಾತು ಅವನ ಕಿವಿಗೆ ಬಿದ್ದಾಗಲೆಲ್ಲ, ಮದುವೆ ಮನೆಯೋ ಸಾವಿನ ಮನೆಯೋ ನೋಡದೆ, "ನಾನ್ ನೋಡಿದೀನಿ ಕಣ್ರೀ, ಇದೇ ಕಣ್ಣಲ್ಲಿ!" ಎಂದು ಎದ್ದು ನಿಲ್ಲುತ್ತಿದ್ದ.

ಹೋದ ತಿಂಗಳು ಅವನು ತೀರಿಕೊಂಡ. ಶ್ವಾಸಕೋಶ ಕೆಟ್ಟಿತ್ತು. ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಆಕ್ಸಿಜನ್ ಯಂತ್ರದ ಕಡೆ ಕತ್ತು ಬಗ್ಗಿಸಿ ನನಗೆ ಕಣ್ಣು ಹೊಡೆದಿದ್ದ. ಅವನ ಮನೆಗೆ ಹೋದೆ. ಅವನ ಮಗ, "ಅಪ್ಪಂಗೆ ನೀವೇನಾಗ್ಬೇಕು ಅಂಕಲ್?" ಅಂದ.

"ಕ್ಲಾಸ್‌ಮೇಟು ಕಣಪ್ಪ."

"ಯಾವ ಸ್ಕೂಲು?"

ಹೇಳಲು ಹೋದವನು ನನ್ನ ತಲೆ ಸವರಿಕೊಂಡೆ...

ದಟ್ಟಗಳ್ಳಿಯಲ್ಲಿ ನನ್ನ ದುಡಿಮೆಯ ಮನೆಯಿದೆ. ಮೂರು ಲೇತ್‌ಗಳ ಸ್ವಂತ ವರ್ಕ್‌ಶಾಪ್ ಇದೆ. ಓದು ಮುಗಿಸಿದ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವ್ವ ಇಲ್ಲ. ನಾನು ನನ್ನ ಅಪ್ಪನ ತಿಥಿ ಮಾಡಿದ್ದನ್ನು ಕಣ್ಣಾರೆ ಕಂಡವರು ಈಗ ಒಬ್ಬರೂ ಇಲ್ಲ.