ಶಂಖದ ಅಚ್ಚು

ಮೂವತ್ತೊಂದು ವರ್ಷ ಛಾನಾ ತಿಕ್ಕಿ ತಿಕ್ಕಿ ನಿಬಾರಣ್ ಮೋದಕನ ಅಂಗೈ ಗೆರೆಗಳೇ ಸವೆದುಹೋಗಿದ್ದವು. ಒಡೆದ ಹಾಲಿನ ಆ ಮುದ್ದೆಯನ್ನು ಬೆಲ್ಲದೊಂದಿಗೆ ಬಾಣಲೆಯಲ್ಲಿ ಕಾಯಿಸಿ, ಎರಡು ಬೆರಳಲ್ಲಿ ಒತ್ತಿ ಪಾಕದ ಹದ ಹೇಳುವವನು. ಆ ಮುದ್ದೆಯಿಂದಾಗುವ ಸಂದೇಶವೆಂಬ ಸಿಹಿಗೆ ಒತ್ತುವ ಮರದ ಅಚ್ಚು, ಸಿಹಿ ಮಾಡುವ ಕಾರಿಗರನ ಸ್ವಂತದ್ದು. ಅವನು ಕೆಲಸ ಬಿಟ್ಟರೆ ಅದೂ ಅವನೊಂದಿಗೆ ಹೊರಡುತ್ತದೆ. ಚಳಿಗಾಲದ ಖರ್ಜೂರದ ಬೆಲ್ಲಕ್ಕೆ ಬದಲಾಗಿ ಬಾಟಲಿಯ ಘಮ ಹಾಕೆಂದ ಹೋಟೆಲಿನ ದೊಡ್ಡ ಬಾಣಸಿಗನ ಮೇಲೆ ರೇಗಿ, ಅಪ್ಪನ ಕಾಲದ ಶಂಖದ ಅಚ್ಚನ್ನು ಜೇಬಿಗಿಳಿಸಿ ನಿಬಾರಣ್ ಹೊರಬಿದ್ದಿದ್ದ. ಎಂಟು ದಿನದಲ್ಲಿ ಕರೆಯುತ್ತಾರೆಂದು ಲೆಕ್ಕ ಹಾಕಿದ್ದ. ಕರೆ ಬಂದದ್ದು ಎರಡು ತಿಂಗಳ ಮೇಲೆ. ಅದೂ ಹೆಂಡತಿಯೊಂದಿಗೆ ಊಟಕ್ಕೆ.

ಕಲ್ಕತ್ತೆಯ ಆ ಹೋಟೆಲಿನ ಹಿಂಬಾಗಿಲಿಂದಷ್ಟೇ ಹನ್ನೆರಡು ವರ್ಷ ಓಡಾಡಿದವನಿಗೆ ಮುಂದಿನ ಕುರ್ಚಿ ಮುಳ್ಳಾಯಿತು. ಮೇಜಿನಡಿ ಕಾಲು ನಿಲ್ಲಲಿಲ್ಲ. ಜೇಬಿನ ಅಚ್ಚನ್ನು ಹೆಬ್ಬೆರಳು ಸವರುತ್ತಲೇ ಇತ್ತು. ನಾನಿಲ್ಲದೆ ಸಿಹಿ ಕೆಟ್ಟಿರಬೇಕು, ಅದಕ್ಕೇ ಕರೆದಿದ್ದಾರೆ ಎಂಬುದೊಂದೇ ಧೈರ್ಯ.

ಬಾಳೆಲೆಯಲ್ಲಿ ಸುತ್ತಿ ಬರಬೇಕಾದ ಭೇಟ್ಕಿ ಮೀನು ಬೆತ್ತಲೆ ಬಂತು. ಎಲೆಯ ಬದಲು ತಟ್ಟೆಯ ಮೇಲೆ ಹಸಿರು ರಸದಲ್ಲಿ ಎಲೆಯ ಚಿತ್ರ.

"ಎಲೆನೂ ನೆಕ್ಕಿಬಿಡ್ಬೇಕಾ?" ಎಂದಳು ಹೆಂಡತಿ ಶೆಫಾಲಿ.

ಸುತ್ತಲಿನ ಮೇಜುಗಳಲ್ಲೂ ಮೀನು ಅರ್ಧಕ್ಕೇ ನಿಂತಿತ್ತು. ಆದರೆ ಎಲ್ಲರೂ ಸಂದೇಶವನ್ನು ಎರಡೆರಡು ಸಲ ತರಿಸಿಕೊಳ್ಳುತ್ತಿದ್ದರು.

ಅವರ ಮೇಜಿಗೂ ಬಂತು. ಶಂಖವಿಲ್ಲ, ಮೂರು ಸಣ್ಣ ಬೆರಳ ಗುರುತಷ್ಟೇ. ಒತ್ತಿ ನೋಡಿದ. ತಪ್ಪು ಹುಡುಕಲೆಂದೇ ಬಾಯಿಗಿಟ್ಟ. ಬೆಲ್ಲ ಬಾಟಲಿಯದಲ್ಲ, ನಿಜವಾದದ್ದು. ತಾನು ಇಳಿಸುವುದಕ್ಕಿಂತ ಒಂದು ಗಳಿಗೆ ಮೊದಲೇ ಒಲೆಯಿಂದ ಇಳಿಸಿದ ಪಾಕ. ಗಟ್ಟಿಯಾಗದಿದ್ದರೆ ಎಂಬ ಅಂಜಿಕೆಗೆ ಅವನು ಒಮ್ಮೆಯೂ ಮಾಡದ ಕೆಲಸ. ಹೊಟ್ಟೆ ಉರಿಯಿತು. ಇನ್ನೊಂದು ತಿಂದ.

ಮ್ಯಾನೇಜರ್ ಸೇನ್ ಬಾಬು ಕುರ್ಚಿ ಎಳೆದುಕೊಂಡು ಕೂತ. ಈಗ ಸಂದೇಶ ಮಾಡುವವಳು ಮಾಲತಿಯಂತೆ. ನಿಬಾರಣನ ಬಾಣಲೆಗಳನ್ನು ಹತ್ತು ವರ್ಷ ತೊಳೆದವಳು. ತಳ ಹಿಡಿದದ್ದನ್ನು ಕೆರೆಯುತ್ತಲೇ ಪಾಕ ಕಲಿತಿದ್ದಳು. ಬಾಟಲಿಯನ್ನು ಅವಳೂ ಮುಟ್ಟಲಿಲ್ಲ. ಸಂಬಳ ಮಾತ್ರ ಇನ್ನೂ ಪಾತ್ರೆ ತೊಳೆಯುವವಳದೇ. ಈಗ ಪತ್ರಿಕೆಯವರು ಕಾರಿಗರನ ಫೋಟೋ ಕೇಳುತ್ತಿದ್ದಾರೆ.

"ಪಾತ್ರೆ ತೊಳಿಯೋಳ ಮುಖ ಹಾಕೋಕಾಗುತ್ತಾ, ನಿಬಾರಣ್ ದಾ? ನೀವು ಬನ್ನಿ. ಹೆಸರು ನಿಮ್ದು, ಸಂಬಳ ಮೊದಲಿನಷ್ಟೇ. ಕೈಕೆಲಸ ಅವಳು ನೋಡ್ಕೊತಾಳೆ."

ಶೆಫಾಲಿ ಗಂಡನ ಮುಖ ನೋಡಿದಳು. ಎರಡು ತಿಂಗಳಿಂದ ಮನೆ ನಡೆದದ್ದು ಅವಳು ಸೀರೆಗೆ ಫಾಲ್ ಹೊಲಿದು. ಹೂಂ ಎನ್ನಬೇಕೆಂದು ಅವನಿಗೂ ಇತ್ತು, ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಅದೇ ನಾಲಿಗೆಯ ಮೇಲೆ ಮಾಲತಿಯ ಪಾಕ ಇನ್ನೂ ಕರಗುತ್ತಿತ್ತು.

ಜೇಬಿನಿಂದ ಅಚ್ಚು ತೆಗೆದು ಖಾಲಿ ತಟ್ಟೆಯಲ್ಲಿಟ್ಟು ಬಡಿಸುವವನ ಮುಂದೆ ಸರಿಸಿದ.

"ಮಾಲತಿ ಕೈಗೆ ಕೊಡಪ್ಪ. ಒತ್ತೋ ಮುಂಚೆ ನೀರಲ್ಲಿ ನೆನೆಸ್ಬೇಕು, ಇಲ್ದಿದ್ರೆ ಛಾನಾ ಅಂಟ್ಕೊಳ್ಳುತ್ತೆ ಅಂತ ಹೇಳು." ಸೇನ್ ಬಾಬುವಿನ ಕಡೆ ತಿರುಗಿದ. "ಫೋಟೋ ಅವಳ್ದೇ ತೆಗೆಸಿ. ನನ್ನ ಸಂಬಳ ಅಂದ್ರಲ್ಲ, ಅದನ್ನೂ ಅವಳಿಗೇ ಕೊಡಿ."

ವಾಪಸ್ಸು ಟ್ರಾಮಿನಲ್ಲಿ ಟಿಕೆಟಿಗೆ ಶೆಫಾಲಿಯೇ ಚಿಲ್ಲರೆ ಎಣಿಸಿ ಕೊಟ್ಟಳು.

"ಸರಿ. ನಾಳೆ ಏನ್ಮಾಡ್ತೀರಿ?" ಎಂದಳು.

"ಗೊತ್ತಿಲ್ಲ."

ಅವನ ಕಾಲು ಇನ್ನೂ ಕುಣಿಯುತ್ತಿತ್ತು. ಹೆಬ್ಬೆರಳು ಖಾಲಿ ಜೇಬಿನಲ್ಲಿ ಶಂಖವನ್ನು ತಡಕುತ್ತಿತ್ತು.