ಕೆರೆದು ತೆಗೆದ ಕೋಣೆ

ದೆವ್ವ, ಭೂತ, ಪವಾಡ ಎಂದು ಯಾರಾದರೂ ಕಥೆ ಶುರು ಮಾಡಿದರೆ ನಾನು ಮೊದಲು ಕೇಳುತ್ತಿದ್ದದ್ದು, ಆ ಕೋಣೆಗೆ ಬಾಗಿಲು ಎಷ್ಟು, ಕಿಟಕಿ ಯಾವ ದಿಕ್ಕಿಗೆ ಎಂದು. ನಾನು ಡ್ರಾಫ್ಟ್ಸ್‌ಮನ್. ಕಟ್ಟಡದ ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು. ನಕ್ಷೆ ಎದುರಿಗೆ ಬಿಡಿಸಿಟ್ಟರೆ ಅರ್ಧ ದೆವ್ವಗಳು ಗಾಳಿ ಬೆಳಕಿನ ಆಟವೆಂದು ಗೊತ್ತಾಗುತ್ತದೆ, ಉಳಿದರ್ಧ ಹೇಳುವವರ ನಾಲಿಗೆಯ ಚಪಲ. ಉಡುಪಿಯ ನಮ್ಮ ಕುಟುಂಬದಲ್ಲಿ ನಾನು ಕೂತಿದ್ದೇನೆಂದರೆ ಅತ್ತೆಯಂದಿರು ಇಂಥ ಮಾತು ಎತ್ತುತ್ತಲೇ ಇರಲಿಲ್ಲ. ಅಂಥ ನಾನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಗ ನಾನು ಕುವೈತಿನ ಒಂದು ಸಣ್ಣ ಕನ್ಸಲ್ಟಿಂಗ್ ಆಫೀಸಿನಲ್ಲಿದ್ದೆ. ಅಲ್ಲಿಗೆ ಒಬ್ಬ ಮರದ ವ್ಯಾಪಾರಿ ಬಂದರು. ಬಾಲ್ಟಿಕ್ ಸಮುದ್ರದ ಕಡೆಯಿಂದ ಪೈನ್ ಮರ ತರಿಸುತ್ತಿದ್ದ ಕುವೈತಿ. ಎಸ್ಟೋನಿಯಾದಲ್ಲಿ ಒಂದು ಹಳೆಯ ಜಮೀನ್ದಾರಿ ಬಂಗಲೆ ನೋಡಿ ಮರುಳಾಗಿ, ಅದರ ಅಳತೆಯ ಹಳೆಯ ನಕ್ಷೆಗಳ ಪ್ರತಿ ಹಿಡಿದುಕೊಂಡೇ ಬಂದಿದ್ದರು. ಅಬು ಹಲೀಫಾದ ಆಚೆ ಕಡಲ ದಡದಲ್ಲಿ ಅಂಥದ್ದೇ ಒಂದು ಮನೆ ಬೇಕಂತೆ. ಮರಳುಗಾಡಿನಲ್ಲಿ ಹಿಮ ಜಾರುವ ಮಾಡು ಯಾಕೆ ಸ್ವಾಮಿ ಎಂದು ಕೇಳುವ ಅಧಿಕಾರ ನಮಗಿರಲಿಲ್ಲ. ದುಡ್ಡು ಅವರದು, ಮರುಳೂ ಅವರದು.

ಆ ಬಂಗಲೆಯ ಚರಿತ್ರೆಯನ್ನು ಅವರು ಚಹಾ ಕುಡಿಯುತ್ತಾ ನಮಗೆ ಹೇಳಿದ್ದರು. ಅಲ್ಲಿನ ಜರ್ಮನ್ ಜಮೀನ್ದಾರರು ಮೊದಲು ಕಟ್ಟಿಸಿದ್ದು ಮರದ ಮನೆ. ಅದು ಸುಟ್ಟುಹೋದ ಮೇಲೆ ಹೊಲಗಳಲ್ಲಿ ಎದ್ದ ಗುಂಡುಕಲ್ಲುಗಳನ್ನು ಒಟ್ಟುಮಾಡಿ ಕಲ್ಲಿನ ಮನೆ ಎಬ್ಬಿಸಿದರು. ಮೊಮ್ಮಗನೊಬ್ಬ ಮುಂದೆ ನಾಲ್ಕು ಬಿಳಿ ಕಂಬ ನಿಲ್ಲಿಸಿದ, ದಾರಿಯ ಎರಡೂ ಬದಿ ಮರ ನೆಡಿಸಿದ. ರೈತರು ದಂಗೆ ಎದ್ದು ಬೆಂಕಿ ಇಟ್ಟಾಗ ಎಲ್ಲ ಬೂದಿಯಾಯಿತು, ನಡುವಿನ ಹೊಗೆಗೂಡು ಮಾತ್ರ ನಿಂತಿತು. ಅದರ ಸುತ್ತಲೇ ಮತ್ತೆ ಮನೆ ಕಟ್ಟಿದರಂತೆ. ಸೋವಿಯತ್ ಆಡಳಿತ ಬಂದ ಮೇಲೆ ಅದು ಸಾಮೂಹಿಕ ಬೇಸಾಯದ ಕಚೇರಿಯಾಯಿತು.

ಈ ಹೊಗೆಗೂಡಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಗೂಡು ಎಂದರೆ ತಪ್ಪಾದೀತು, ಅದು ಒಂದು ಕೋಣೆ. ಮನೆಯ ನಟ್ಟನಡುವೆ ನಾಲ್ಕು ದಪ್ಪ ಇಟ್ಟಿಗೆ ಗೋಡೆಗಳು. ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತಾ ಮಾಡನ್ನು ಸೀಳಿಕೊಂಡು ಹೊರಗೆ ಹೋಗುತ್ತವೆ. ಆಳು ಒಳಗೆ ನಿಂತುಕೊಂಡೇ ಅಡುಗೆ ಮಾಡುವುದು, ಅಲ್ಲೇ ಮಾಂಸ ನೇತುಹಾಕಿ ಹೊಗೆ ಹಿಡಿಸುವುದು. ಅದಕ್ಕೆ ಒಂದೇ ಒಂದು ಸಣ್ಣ ಬಾಗಿಲು, ಉಗ್ರಾಣದ ಕಡೆಯಿಂದ. ಒಳಗೆ ನಿಂತು ತಲೆ ಎತ್ತಿದರೆ ಕರಿಗೋಡೆಗಳ ತುದಿಯಲ್ಲಿ ಅಂಗೈಯಗಲ ಆಕಾಶ ಕಾಣುತ್ತದೆ ಎಂದು ಆ ವ್ಯಾಪಾರಿ ಕೈ ಎತ್ತಿ ತೋರಿಸಿದ್ದರು.

ನಾನು ಅದನ್ನೂ ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಇಳಿಸಿದೆ. ನಮ್ಮ ಎಂಜಿನಿಯರು ನೋಡಿ ನಕ್ಕರು. ಕುವೈತಿನಲ್ಲಿ ಒಲೆ ಉರಿಸಿ ಚಳಿ ಕಾಯಿಸುವವರು ಯಾರು, ಅದನ್ನು ಒಳಗೆ ಪೂರ್ತಿ ಕಾಂಕ್ರೀಟ್ ತುಂಬಿದ ಕಂಬ ಮಾಡು, ಮಾಡಿನ ಭಾರವನ್ನಾದರೂ ಹೊರಲಿ ಎಂದರು. ಮಾಲೀಕರು ಹೊರಗಿನಿಂದ ಚಿಮಣಿ ಕಂಡರೆ ಸಾಕೆಂದು ಒಪ್ಪಿದರು. ಆಗೆಲ್ಲ ಇಂಕಿನ ಗೆರೆ ಅಳಿಸುವುದು ಅರ್ಧ ಬ್ಲೇಡಿನಿಂದ. ಹಾಳೆ ಹರಿಯದಂತೆ ಮೆಲ್ಲ ಮೆಲ್ಲ ಕೆರೆಯಬೇಕು. ಒಂದು ಬೆಳಿಗ್ಗೆ ಪೂರ್ತಿ ಕೂತು ಆ ಕೋಣೆಯನ್ನು, ಅದರ ಬಾಗಿಲನ್ನು ಕೆರೆದು ತೆಗೆದೆ. ಎಷ್ಟು ಕೆರೆದರೂ ಕೆರೆದ ಜಾಗ ಪ್ರಿಂಟಿನಲ್ಲಿ ಮಬ್ಬಾಗಿ ಬೀಳುತ್ತದೆ. ಸೈಟಿನ ಮೇಸ್ತ್ರಿ, ಇದೆಂತ ನೆರಳು ಎಂದು ಕೇಳಿದ್ದ. ಏನಿಲ್ಲ, ಕಾಂಕ್ರೀಟ್ ತುಂಬಿಸು ಎಂದೆ. ಅವನು ತುಂಬಿಸುವಾಗ ನಾನೇ ನಿಂತು ನೋಡಿದ್ದೇನೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ಬಂತು. ಮಾಲೀಕರು ಬೇಸಿಗೆ ಕಳೆಯಲು ವಿದೇಶಕ್ಕೆ ಹೋದವರು ಅಲ್ಲಿಯೇ ಉಳಿದರು. ನಾವು ಅಬ್ಬಾಸಿಯಾದ ಒಂದು ಫ್ಲ್ಯಾಟಿನಲ್ಲಿದ್ದೆವು. ನಾನು, ಹೆಂಡತಿ ಸುಮತಿ, ಇನ್ನೂ ಶಾಲೆಗೆ ಸೇರದ ಮಗಳು ಅನು. ನೀರು ನಿಂತಿತು, ಅಂಗಡಿಗಳು ಬರಿದಾದವು. ಆ ಹೊಸ ಮನೆಯ ಕಾವಲಿಗಿದ್ದವರು ಉಳ್ಳಾಲದ ಹಮೀದ್ ಬ್ಯಾರಿ, ನಮಗೆಲ್ಲ ಹಮೀದಾಕ. "ಇಲ್ಲಿ ಟ್ಯಾಂಕು ತುಂಬ ನೀರುಂಟು, ಅಕ್ಕಿ ಉಂಟು. ಮಗುವನ್ನು ಕಟ್ಟಿಕೊಂಡು ಅಲ್ಲಿ ಎಂತ ಮಾಡ್ತೀರಿ ಮಾರಾಯ್ರೆ, ಬನ್ನಿ" ಎಂದು ಕರೆದರು. ಹೋದೆವು.

ಮನೆಗೆ ಕೊನೆಯ ಕೆಲಸಗಳು ಬಾಕಿ ಇದ್ದವು. ಮೆಟ್ಟಿಲಿಗೆ ಕಟಕಟೆ ಇಲ್ಲ, ಎ.ಸಿ. ಕೂರಿಸಿ ಆಗಿದ್ದದ್ದು ಉಗ್ರಾಣದಲ್ಲಿ ಮಾತ್ರ. ಆ ಉಗ್ರಾಣದ ಒಂದು ಗೋಡೆ ಎಂದರೆ ನಡುವಿನ ಕಾಂಕ್ರೀಟ್ ಕಂಬವೇ. ಕಿಟಕಿ ಇಲ್ಲ, ಒಂದೇ ಬಾಗಿಲು. ಮಧ್ಯಾಹ್ನ ಅನುವನ್ನು ಅಲ್ಲಿ ಮಲಗಿಸಿ, ಎದ್ದು ಮೆಟ್ಟಿಲ ಕಡೆಗೆ ಓಡದಿರಲಿ ಎಂದು ಸುಮತಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು.

ಅವತ್ತೂ ಹಾಗೇ ಚಿಲಕ ಹಾಕಿ, ನಾವು ಮೂವರೂ ಅಂಗಳದ ಟ್ಯಾಂಕಿನಿಂದ ನೀರು ತೆಗೆಯುತ್ತಿದ್ದೆವು. ಜೀಪು ಬಂತು. ಸೈನಿಕರು ಇಳಿದು ನಮ್ಮನ್ನು ಬಿಳಿ ಕಂಬಗಳಿಗೆ ಬೆನ್ನು ಹಚ್ಚಿ ನಿಲ್ಲಿಸಿದರು. ಒಬ್ಬ ಬಂದೂಕು ಹಿಡಿದು ಎದುರಿಗೆ ನಿಂತ, ಉಳಿದವರು ಒಳಗೆ ನುಗ್ಗಿದರು. ಹಮೀದಾಕ ಅರಬ್ಬಿಯಲ್ಲಿ ಅಂಗಲಾಚಿದರು, ಒಳಗೆ ಮಗು ಇದೆ, ಸಣ್ಣ ಮಗು ಎಂದು. ಅವನು ಬಂದೂಕಿನ ಹಿಡಿಯಿಂದ ಅವರ ಭುಜಕ್ಕೆ ಗುದ್ದಿದ. ಅಷ್ಟರಲ್ಲಿ ಒಳಗೆ ಗುಂಡಿನ ಸದ್ದು. ಮತ್ತೆ ಸದ್ದು. ಸುಮತಿ ಕಂಬಕ್ಕೆ ಒರಗಿದವಳು ಹಾಗೇ ಕೆಳಗೆ ಜಾರಿ ಕೂತಳು. ಅವರು ಕೊನೆಗೆ ಒಂದು ಟಿ.ವಿ., ಎರಡು ಫ್ಯಾನು ಹೊತ್ತು ತಂದು ಜೀಪಿಗೆ ಹಾಕಿ, ಯಲ್ಲಾ, ನಡೀರಿ ಎಂದು ಹೊರಟುಹೋದರು.

ಓಡಿದೆವು. ಉಗ್ರಾಣದ ಚಿಲಕ ತೆಗೆಯುವಷ್ಟು ತಾಳ್ಮೆಯೂ ಇಲ್ಲದೆ ಬಾಗಿಲಿಗೆ ಗುಂಡು ಹೊಡೆದು ಒದ್ದಿದ್ದರು. ಹಾಸಿಗೆ ಸೀಳಿ ಹತ್ತಿ ಹೊರಗೆ ಬಂದಿತ್ತು. ಅನು ತಲೆ ಇಟ್ಟು ಮಲಗುವ ದಿಂಬಿನಲ್ಲೂ ತೂತು. ಅನು ಇರಲಿಲ್ಲ. ರಕ್ತವೂ ಇರಲಿಲ್ಲ. ಜೀಪಿನಲ್ಲಿ ಮಗುವನ್ನು ಕೊಂಡೊಯ್ದದ್ದಂತೂ ಇಲ್ಲ, ನಮ್ಮ ಕಣ್ಣೆದುರೇ ಹೋದವರು. ಮಹಡಿ, ಸ್ನಾನದ ಮನೆ, ಹಿತ್ತಿಲು, ಮರಳಿನ ರಾಶಿಯ ಹಿಂದೆ, ಎಲ್ಲ ಕಡೆ ಕೂಗಿಕೊಂಡು ತಿರುಗಿದೆವು. ಹಮೀದಾಕ ಟ್ಯಾಂಕಿನೊಳಗೆ ಇಳಿದೇ ಬಿಟ್ಟರು.

ನಾನು ದಿಕ್ಕು ತೋಚದೆ ಮತ್ತೆ ಉಗ್ರಾಣಕ್ಕೆ ಬಂದೆ. ಅನು ಹಾಸಿಗೆಯ ಪಕ್ಕ ನಿಂತಿದ್ದಳು.

ತಲೆಯಿಂದ ಕಾಲಿನವರೆಗೆ ಮಸಿ. ಕಣ್ಣು ಮಾತ್ರ ಬೆಳ್ಳಗೆ. ಮೈಮೇಲೆ ಒಂದು ಗೀರೂ ಇಲ್ಲ. ನಾನು ಎತ್ತಿಕೊಂಡು ಏನೇನು ಹೇಳಿದೆನೋ ಗೊತ್ತಿಲ್ಲ, ಗಟ್ಟಿಯಾಗಿ ಅತ್ತೆ. ಸುಮತಿ ಬಂದು ಕಿತ್ತುಕೊಂಡಳು. ಅತ್ತು, ನಕ್ಕು, ಮಗುವಿನ ಬೆನ್ನಿಗೆ ಎರಡು ಏಟನ್ನೂ ಕೊಟ್ಟಳು. ಹಮೀದಾಕ ಒದ್ದೆ ಬಟ್ಟೆಯಲ್ಲೇ ಬಾಗಿಲಲ್ಲಿ ಕುಸಿದು ಕೂತು ದೇವರ ಹೆಸರು ಹೇಳುತ್ತಲೇ ಇದ್ದರು. ಅಂಥ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ.

"ಎಲ್ಲಿದ್ದೆ ಮಗಾ?" ಎಂದು ಕೇಳಿದೆ.

"ಬ್ಲ್ಯಾಕ್ ರೂಮಲ್ಲಿ. ಅಜ್ಜಿ ಬಾಯಿ ಮುಚ್ಚಿದ್ರು ಪಪ್ಪಾ, ಟೈಟಾಗಿ."

"ಯಾವ ಅಜ್ಜಿ?"

"ಗೊತ್ತಿಲ್ಲ. ಮೇಲೆ ನೋಡಿದ್ರೆ ಸ್ಕೈ ಇತ್ತು. ಲಿಟಲ್ ಸ್ಕೈ." ಎರಡು ಪುಟ್ಟ ಅಂಗೈ ಸೇರಿಸಿ ಎಷ್ಟು ದೊಡ್ಡದೆಂದು ತೋರಿಸಿದಳು.

ಅವಳಿಗೆ ಆ ಹೊಗೆಗೂಡಿನ ಕೋಣೆಯ ಸುದ್ದಿ ಯಾರೂ ಹೇಳಿರಲಿಲ್ಲ. ಸುಮತಿಗೂ ಗೊತ್ತಿರಲಿಲ್ಲ. ಆಗ ನೆಲ ನೋಡಿದೆ. ಹೊಸ ಬಿಳಿ ಟೈಲ್ಸಿನ ಮೇಲೆ ಮಸಿಯ ಪುಟ್ಟ ಹೆಜ್ಜೆಗಳು. ಹಾಸಿಗೆಯಿಂದ ಹಿಂದಕ್ಕೆ ನೋಡುತ್ತಾ ಹೋದರೆ ಅವು ಕಾಂಕ್ರೀಟ್ ಗೋಡೆಯ ಬುಡದಿಂದ ಶುರುವಾಗಿದ್ದವು. ನಕ್ಷೆಯಲ್ಲಿ ನಾನು ಬಾಗಿಲನ್ನು ಕೆರೆದು ತೆಗೆದ ಜಾಗ ಅದೇ. ಗೋಡೆ ಬೆಳ್ಳಗೆ ಇತ್ತು, ಒಂದು ಬಿರುಕೂ ಇಲ್ಲ. ತಟ್ಟಿದೆ, ಬಂಡೆಯ ಸದ್ದು.

ಮಸಿ ಎಲ್ಲಿಂದ ಬಂತು? ಆ ಮನೆಯಲ್ಲಿ ಉರಿದದ್ದು ಒಂದು ಗ್ಯಾಸ್ ಒಲೆ ಮಾತ್ರ. ಜನರೇಟರು ಇನ್ನೂ ಬಂದಿರಲಿಲ್ಲ. ಎಣ್ಣೆ ಬಾವಿಗಳ ಹೊಗೆ ಎಂದು ನೀವು ಹೇಳಬಹುದು, ಊರಿನಲ್ಲಿ ಬಹಳ ಜನ ಹೇಳಿದರು ಕೂಡ. ಬಾವಿಗಳಿಗೆ ಬೆಂಕಿ ಬಿದ್ದದ್ದು ಮುಂದಿನ ವರ್ಷ. ಸುಮತಿ ಮಗುವಿನ ಕೈ ಮೂಸಿ, ಇದು ಸೌದೆ ಒಲೆಯ ಮೇಲೆ ಕಟ್ಟುವ ಇಲ್ಲಣದ ಹಾಗೆ ಉಂಟಲ್ಲ ಎಂದಳು. ಮೂರು ಸಲ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯದು ಹೋಗಲಿಲ್ಲ.

ಸಂಜೆಯೊಳಗೆ ಮನೆ ಬಿಟ್ಟೆವು. ಹಮೀದಾಕನೂ ಜೊತೆಗೆ ಬಂದರು. ಬಸ್ರಾ, ಬಾಗ್ದಾದ್, ಅಮ್ಮಾನಿನ ಗುಡಾರಗಳು, ಆಮೇಲೆ ಬೊಂಬಾಯಿಗೆ ವಿಮಾನ. ಕಷ್ಟಪಟ್ಟೆವು ನಿಜ. ಆದರೆ ದಾರಿಯುದ್ದಕ್ಕೂ ಮಗುವಿನ ತಲೆ ನನ್ನ ತೊಡೆಯ ಮೇಲಿತ್ತು, ಮತ್ತೆ ಯಾವುದೂ ಭಾರ ಎನಿಸಲಿಲ್ಲ.

ಯುದ್ಧ ಮುಗಿದು, ತೊಂಬತ್ತೊಂದರ ಕೊನೆಗೆ ನಾನೊಬ್ಬನೇ ಕೆಲಸಕ್ಕೆ ಮರಳಿದೆ. ಹಮೀದಾಕ ನನಗಿಂತ ಮೊದಲೇ ಬಂದಿದ್ದರು. ಒಂದು ಶುಕ್ರವಾರ ಬೆಳಿಗ್ಗೆ ಇಬ್ಬರೂ ಆ ಮನೆಗೆ ಹೋದೆವು. ಶೆಲ್ ಬಿದ್ದು ಮಾಡು ಹಾರಿಹೋಗಿತ್ತು, ನಡುವಿನ ಕಂಬ ಮೇಲಿನಿಂದ ಉಗ್ರಾಣದ ನೆಲದವರೆಗೆ ಸೀಳಿ ಒಂದು ಪಕ್ಕ ಕಳಚಿ ಬಿದ್ದಿತ್ತು. ಹತ್ತಿರ ಹೋಗಿ ನೋಡಿದೆ. ಒಳಗೆ ಟೊಳ್ಳಿಲ್ಲ. ಬುಡದಿಂದ ತುದಿಯವರೆಗೆ ಕಾಂಕ್ರೀಟು, ಜಲ್ಲಿ, ಕಂಬಿ. ಒಂದು ಬೆಕ್ಕು ನುಗ್ಗುವಷ್ಟು ಜಾಗವೂ ಇರಲಿಲ್ಲ.

ಬಹಳ ಹೊತ್ತು ಅಲ್ಲೇ ನಿಂತಿದ್ದೆ. ವಿವರಣೆ ಹುಡುಕುವ ಚಟ ನನಗಿದೆ, ಅವತ್ತೂ ಹುಡುಕಿದೆ, ಇವತ್ತಿಗೂ ಸಿಕ್ಕಿಲ್ಲ. ಬಿಟ್ಟು ಹೊರಡೋಣವೆಂದರೆ ಮನಸ್ಸು ಬರಲಿಲ್ಲ. ಕೊನೆಗೆ ಆ ಒರಟು ಕಾಂಕ್ರೀಟಿನ ಮೇಲೆ ಅಂಗೈ ಇಟ್ಟೆ. ಆ ಅಜ್ಜಿಗೆ ಯಾವ ಭಾಷೆ ಬರುತ್ತದೋ ನನಗೇನು ಗೊತ್ತು. ತುಳುವಿನಲ್ಲೇ ಹೇಳಿದೆ, ಅಮ್ಮಾ, ಮಗು ಚೆನ್ನಾಗಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ ಎಂದು.

"ಯಾರ ಹತ್ರ ಮಾತಾಡ್ತಾ ಇದ್ದೀರಿ ಮಾರಾಯ್ರೆ?" ಹಮೀದಾಕ ಹಿಂದಿನಿಂದ ಕೇಳಿದರು.

"ಗೊತ್ತಿಲ್ಲ ಹಮೀದಾಕ."

ಅವರು ತಲೆಯ ಟೊಪ್ಪಿ ಸರಿಮಾಡಿಕೊಂಡು ಹತ್ತಿರ ಬಂದು, ನನ್ನ ಕೈಯ ಪಕ್ಕ ತಮ್ಮ ಕೈಯನ್ನೂ ಇಟ್ಟರು.